ಹಳದಿ ಲೋಷನ್

3-4-1972, ಸೋಮವಾರ
ಕತ್ತರಿ ಹನ್ನೊಂದು, ಸೂಜಿ ಇಪ್ಪತ್ತು. ಸೋಪಿನಲ್ಲಿ ಉಜ್ಜಿ ಟ್ರೇಗೆ. ಮಿಕ್ಕ ಸಾಮಾನು ಕುದಿಸಿದ್ದಾಯಿತು. ಹರಿತವಾದದ್ದನ್ನು ಕುದಿಸಿದರೆ ಮೊನೆ ಹೋಗುತ್ತದೆ, ಅದಕ್ಕೇ ಲೋಷನ್. ಎಂಟು ವರ್ಷ ಲೈಸಾಲ್ ಇತ್ತು. ಇಂದಿನಿಂದ ಹಳದಿ ಲೋಷನ್. ಡಾ. ಕೋದಂಡರಾಮಯ್ಯನವರ ಅಪ್ಪಣೆ. ಬಂದು ಆರು ತಿಂಗಳಿಲ್ಲ, ನನ್ನ ಆಪರೇಷನ್ ಥಿಯೇಟರ್ ತಿದ್ದಲು ಹೊರಟಿದ್ದಾರೆ.

"ಲೈಸಾಲ್ ನಾತಕ್ಕೆ ಹೆಂಗಸರು ಬೆಂಗಳೂರು ಆಸ್ಪತ್ರೆಗೆ ಬಸ್ ಹತ್ತಿಬಿಡ್ತಾರೆ, ಸಿಸ್ಟರ್. ನಿಮ್ಮ ಕೈ ನೋಡ್ಕೊಳ್ಳಿ, ಹೆಂಗೆ ಸುಟ್ಟಿದೆ."

ನನ್ನ ಕೈ ಚಿಂತೆ ಅವರಿಗೇಕೆ?

12-4-1972, ಬುಧವಾರ
ಆರು ಟ್ಯೂಬೆಕ್ಟಮಿ, ಮಕ್ಕಳಾಗದ ಆಪರೇಷನ್. ಹೊಸ ಲೋಷನ್ನಿಗೆ ಇವೇ ಮೊದಲು. ಬಾವಿ ತಳ ಕಂಡಿದೆ, ಡ್ರಮ್ಮಿನಲ್ಲಿ ಅರ್ಧ ನೀರು. ಆಯಾ ಸೊಣ್ಣಮ್ಮನಿಗೆ ಇವತ್ತೇ ಅನುಮಾನ—

"ಸೋಪು ತೊಳೀಲಾ ಸಿಸ್ಟ್ರಮ್ಮಾ, ಹಂಗೇ ಹಾಕ್ಲಾ? ಇದು ಹೊಸಾದಲ್ವಾ?"

"ಹಂಗೇ ಹಾಕೇ. ಎಂಟು ವರ್ಷದಿಂದ ಹಾಕ್ತಿಲ್ವಾ? ಇರೋ ನೀರು ಕುಡಿಯೋಕೇ ಸಾಲ್ದು."

18-4-1972
ಆರರಲ್ಲಿ ಮೂರು ಗಾಯ ಕೀವು. ಸಮೇತನಹಳ್ಳಿಯ ಅಕ್ಕಯಮ್ಮನಿಗೆ ಜ್ವರ 103. ಹೊಟ್ಟೆ ಮುಟ್ಟಗೊಡುವುದಿಲ್ಲ. ಮೂರು ಮಕ್ಕಳು, ಕಿರಿಯದು ಇನ್ನೂ ಹಾಲು ಕುಡಿಯುವುದು. ಅವಳ ಅಣ್ಣ ರಾಮಾಂಜಿನಪ್ಪ ವರಾಂಡದಲ್ಲಿ ಕೂಗಿದ:

"ಏನ್ ಸ್ವಾಮೀ, ನಡಕೊಂಡು ಬಂದೋಳು ಕಣ್ರೀ ಇವ್ಳು! ಕತ್ತರೀಲಿ ಕುಯ್ದ್ರಾ, ಕುಡ್ಲಲ್ಲಿ ಕುಯ್ದ್ರಾ?"

ಡಾಕ್ಟರ್ ತಲೆ ತಗ್ಗಿಸಿ ನಿಂತಿದ್ದರು. ಒಳಗೊಳಗೇ ಖುಷಿಯಾಯಿತು. ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

20-4-1972
ಅವರ ರೂಮಿಗೇ ಹೋಗಿ ಹೇಳಿದೆ. "ನಿಮ್ಮ ಲೋಷನ್ನೇ ಕಾರಣ."

"ಅಳತೆ ನಾನೇ ನಿಂತು ಹಾಕ್ಸಿದ್ದೀನಿ. ಊರಿಗೆಲ್ಲಾ ಕೆಲಸ ಮಾಡೋ ಲೋಷನ್ನು ನಿಮ್ಮ ಟ್ರೇನಲ್ಲಿ ಮಾತ್ರ ಸತ್ತೋಗುತ್ತಾ?"

"ಲೈಸಾಲ್ ಇದ್ದಾಗ ಒಂದು ಹೊಲಿಗೇನೂ ಕೆಟ್ಟಿಲ್ಲ, ಡಾಕ್ಟ್ರೇ. ರಿಜಿಸ್ಟರ್ ತರ್ಲಾ?"

ತರಲು ಬಿಡಲಿಲ್ಲ. ಬಾಗಿಲು ತೋರಿಸಿದರು. ಸೋಮವಾರ ಆಸ್ಪತ್ರೆ ನಡೆಸುವ ಟ್ರಸ್ಟಿನ ಸೆಕ್ರೆಟರಿ ಬರುತ್ತಾರಂತೆ. ನಡೆದದ್ದನ್ನು ನಾನೇ ಲಿಖಿತವಾಗಿ ಕೊಡಬೇಕು. ಕೊಡುತ್ತೇನೆ. ಈ ಮನುಷ್ಯ ಇಲ್ಲಿಂದ ಹೋಗುವಂತೆ ಬರೆಯುತ್ತೇನೆ.

22-4-1972, ಮಧ್ಯಾಹ್ನ 3
ಅವರ ವಿರುದ್ಧ ಬರೆಯಲು ಲೋಷನ್ನಿನ ಹೆಸರು, ಪ್ರಮಾಣ ಬೇಕಿತ್ತು. ಸ್ಟೋರಿನಿಂದ ಹೊಸ ಬಾಟಲಿ ಇಳಿಸಿದೆ. ಡಬ್ಬಿಯೊಳಗೆ ಮಡಿಸಿದ ಕಾಗದ. ಸಣ್ಣ ಅಕ್ಷರ, ಇಂಗ್ಲಿಷು. ಸೋಪು ತಗುಲಬಾರದು... ಸೋಪು ಉಳಿದರೆ ಔಷಧದ ಶಕ್ತಿ ಹೋಗುತ್ತದೆ... ಮೊದಲು ಚೆನ್ನಾಗಿ ನೀರಿನಲ್ಲಿ ತೊಳೆಯಬೇಕು.

ಮೂರು ಸಲ ಓದಿದೆ.

ಲೈಸಾಲ್ ತಯಾರಾಗುವುದೇ ಸೋಪು ಸೇರಿಸಿ. ಅದಕ್ಕೇ ಎಂಟು ವರ್ಷ ಏನೂ ಆಗಲಿಲ್ಲ.

ಥಿಯೇಟರಿಗೆ ಓಡಿದೆ. ಸೊಣ್ಣಮ್ಮ ಟ್ರೇ ಮುಂದೆ ಕೂತಿದ್ದಳು.

"ಮೂರು ನೀರಲ್ಲಿ ತೊಳಿ. ಆಮೇಲೆ ಹಾಕು."

"ನೀವೇ ಅಲ್ವಾ ಸಿಸ್ಟ್ರಮ್ಮಾ ಹಂಗೇ—"

"ತೊಳಿ ಅಂದ್ರೆ ತೊಳಿಯೇ!"

ಕೊಡ ಎತ್ತಿಕೊಂಡು ಹೋದಳು.

23-4-1972, ಭಾನುವಾರ
ಡಾಕ್ಟರ್ ಕರೆಸಿದರು. ಮೇಜಿನ ಮೇಲೆ ಅದೇ ಕಾಗದ, ನಾನು ಸ್ಟೋರಿನಲ್ಲಿ ಬಿಟ್ಟು ಓಡಿದ್ದು. ಥಿಯೇಟರಿನಲ್ಲಿ ನಾನು ಕೂಗಿದ್ದೂ ಅವರಿಗೆ ಕೇಳಿಸಿತ್ತಂತೆ. ಅವರೂ ಈಗಲೇ ಓದಿದ್ದು. ನಾಚಿಕೆಯಿಲ್ಲದೆ ಒಪ್ಪಿಕೊಂಡರು.

"ಆಯಾ ಸರಿಯಾಗಿ ತೊಳೀಲಿಲ್ಲ ಅಂತ ಬರೀರಿ. ದಿನಗೂಲಿಯವಳು, ನಾಳೆ ಇನ್ನೊಬ್ಬಳು ಸಿಗ್ತಾಳೆ. ನಿಮ್ಮ ಹೆಸರು ಬೇಡ, ನನ್ನ ಹೆಸರೂ ಬೇಡ. ಏನಂತೀರಿ, ಸಿಸ್ಟರ್ ಮುನಿರತ್ನಮ್ಮ?"

ಆರು ತಿಂಗಳಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. 'ಆಗಲಿ' ಎಂದು ಬಂದೆ. ಒಂದು ಹಾಳೆ ಹಾಗೆಯೇ ಬರೆದೂ ಬಿಟ್ಟೆ.

24-4-1972, ಬೆಳಿಗ್ಗೆ 6
ಅಕ್ಕಯಮ್ಮನ ಜ್ವರ 101. ರಾತ್ರಿಯೆಲ್ಲ ಅವಳ ಮಗುವನ್ನು ಸೊಣ್ಣಮ್ಮನೇ ಎತ್ತಿಕೊಂಡು ಓಡಾಡಿದಳಂತೆ.

ಹತ್ತಕ್ಕೆ ಸೆಕ್ರೆಟರಿ. ನಿನ್ನೆಯ ಹಾಳೆ ಹರಿದೆ. ಡಾಕ್ಟರನ್ನು ಈಗಲೂ ಸಹಿಸಲಾರೆ. ಕಾಗದ ಓದದೆ ಔಷಧ ಬದಲಿಸಿದರು ಎಂದು ಎರಡನೇ ಪ್ಯಾರಾದಲ್ಲಿ ಬರೆಯುತ್ತೇನೆ, ಬಿಡುವುದಿಲ್ಲ. ಮೊದಲ ಪ್ಯಾರಾ ಇಲ್ಲಿ ಕರಡು ಮಾಡಿಕೊಳ್ಳುತ್ತೇನೆ—

ಏಪ್ರಿಲ್ 12ರಂದು, ಸೋಪು ತೊಳೆಯಬೇಕೇ ಎಂದು ಆಯಾ ಸೊಣ್ಣಮ್ಮ ಕೇಳಿದ್ದಳು. ಬೇಡ, ಹಾಗೆಯೇ ಹಾಕು ಎಂದು ಹೇಳಿದವಳು—