ಆ ಉದ್ದ ಸಾಲಿನ ನಡುವೆ ಒಂದು ಉಸಿರು

ಇಮ್ಮಾ,

ಈ ಭಾನುವಾರವೂ ನಾವೆಲ್ಲ ಕಾರ್ಮಿನೆಯ ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದ್ದೆವು. ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ: ಹಾಡು ಒಂದೇ, ಧ್ವನಿಮುದ್ರಣ ಮೂವರದು, ಹಾಡಿದವರ ಹೆಸರು ಕೊನೆಗೆ. ಮುನ್ನೂರು ವರ್ಷದ ಹಿಂದೆ ನಮ್ಮ ನೇಪಲ್ಸಿನ ರಂಗಮಂದಿರಕ್ಕೆಂದೇ ಬರೆದ, ನೀನು ಹಾಡುತ್ತಿದ್ದ ರಾಣಿಯ ಹಾಡನ್ನೇ ಅವನು ಆರಿಸಿದ್ದ.

ಮೊದಲನೆಯದು ಯಾರೋ ರೋಮಿನವಳದು. ಸ್ವರ ಚೊಕ್ಕ, ಹಾಡು ಸಪ್ಪೆ. ಎರಡನೆಯದು ನಿನ್ನದು, ಕೊನೆಯ ವರ್ಷದ್ದು. ಮೊದಲ ಭಾಗ ಮರಳಿ ಬಂದಾಗ ಆ ಉದ್ದ ಸಾಲನ್ನು ನಡುವೆ ಮುರಿದು ಉಸಿರೆಳೆದೆಯಲ್ಲ, ಅದನ್ನು ನಾವು ಹೊಸ ಅಲಂಕಾರವೆಂದು ಕೊಂಡಾಡಿದ್ದೆವು. ಎರಡನೇ ಸಲ ಹಾಡುವಾಗ ತನ್ನದೇನಾದರೂ ಸೇರಿಸದಿದ್ದರೆ ಅವಳೆಂಥ ಗಾಯಕಿ! ಐದೇ ತಿಂಗಳಲ್ಲಿ ನಿನ್ನನ್ನು ಮಣ್ಣು ಮಾಡಿ ಬಂದೆವು.

ಮೂರನೆಯದರಲ್ಲೂ ಅದೇ ಜಾಗದಲ್ಲಿ ಅದೇ ಉಸಿರು ಕೇಳಿಸಿತು. ಹಾಡಿದವಳು ನನ್ನ ಪಕ್ಕದಲ್ಲೇ ಕೂತಿದ್ದ ನಿನ್ನ ಮಗಳು ತಿತೀನಾ.

“ನೋಡ್ರಪ್ಪಾ, ತಾಯಿ ಅಲಂಕಾರ ಮಗಳಿಗೆ ಬಳುವಳಿ ಬಂದಿದೆ!” ಎಂದು ಕಾರ್ಮಿನೆ ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಿತೀನಾ ನನ್ನ ಕಿವಿಯ ಬಳಿ ಬಾಗಿದಳು. “ಚಿಕ್ಕಮ್ಮಾ, ಅಲಂಕಾರಾನೂ ಇಲ್ಲ, ಏನೂ ಇಲ್ಲ. ಈಚೆಗೆ ಅಲ್ಲಿಗೆ ಬರೋಷ್ಟರಲ್ಲಿ ಉಸಿರೇ ಸಾಲ್ತಿಲ್ಲ. ಅಮ್ಮ ಯಾವತ್ತಾದ್ರೂ ಹೀಗೆ ಹೇಳಿದ್ಲಾ?”

ನೀನು ಹೇಳಿದ್ದೆ. ಇದೇ ಕೋಣೆಯಲ್ಲಿ, ನನ್ನೊಬ್ಬಳಿಗೇ.

“ಇಲ್ಲವಲ್ಲ,” ಎಂದೆ. ಆಮೇಲೆ, ಅಂದು ನಿನಗೆ ಕೊಟ್ಟ ಉತ್ತರವೇ ಬಾಯಿಗೆ ಬಂತು: “ಚೆನ್ನಾಗೇ ಇದೆ ಕಣೆ, ಹಾಗೇ ಹಾಡು.”

ಎರ್ಸಿಲಿಯಾ