ಎದುರಂಗಡಿಗೆ ಗೊತ್ತಿದ್ದ ದರ

೧೪ ಅಕ್ಟೋಬರ್ ೨೦೨೪, ಸೋಮವಾರ, ನಿಲಂಗಾ
ಶಟರ್, ವಿಭೂತಿ, ಊದುಬತ್ತಿ, ಕಂಪ್ಯೂಟರ್ — ದಿನದಂತೆ. ಇಂದಿನ ಸೋಯಾಬೀನ್ ಖರೀದಿ ದರವನ್ನು ಮಾವ ಮೆಲ್ಲಗೆ ಹೇಳಿದರು, ಟೈಪ್ ಮಾಡಿದೆ. ಹೊರಗಿನ ಬೋರ್ಡಿನಲ್ಲಿ ಇನ್ನೂ ಬರೆದಿರಲಿಲ್ಲ. ಅಷ್ಟರಲ್ಲಿ ಎದುರಂಗಡಿಯ ಕಲ್ಯಾಣಪ್ಪನ ಬೋರ್ಡಿನ ಮೇಲೆ ನಮಗಿಂತ ಕ್ವಿಂಟಲಿಗೆ ಹತ್ತು ರೂಪಾಯಿ ಹೆಚ್ಚು. ಹೋದ ವಾರವೆಲ್ಲ ಹೀಗೇ. ರೈತರ ಟೆಂಪೋಗಳು ಅತ್ತ ತಿರುಗುತ್ತವೆ.

ಮಾವ ಲೆಕ್ಕ ಬರೆಯುವ ನಮ್ಮ ಹಳೆಯ ಮುನೀಮ ಪಂಡಿತ ಕಾಕಾನತ್ತ ನೋಡಿದರು.
"ಪಂಡಿತ, ನಮ್ಮ ಮನಿ ಮಾತ ಯಾರ ಒಯ್ಯಾಕತ್ತಾರ?"
ಕಾಕಾ ಚಪ್ಪಲಿ ಮೆಟ್ಟಿ ಹೊರಟರು.

೧೭ ಅಕ್ಟೋಬರ್
ಕಾಕಾ ಕಾಸಾರಶಿರಸಿಯ ತಮ್ಮ ಮನೆಯಲ್ಲೇ ಇದ್ದಾರೆ. ಊಟ ಬಿಟ್ಟಿದ್ದಾರಂತೆ. ಅವರಿಲ್ಲದಿದ್ದರೂ ದರ ಸೋರುತ್ತಲೇ ಇದೆ. ನಮ್ಮ ಯಜಮಾನರು ಹಳ್ಳಿಗಳಿಗೆ ಮಾಲು ನೋಡಲು ಹೋಗಿದ್ದಾರೆ. ಅಂಗಡಿಯಲ್ಲಿ ಉಳಿದವಳು ನಾನೊಬ್ಬಳೇ. ಮಾವ ಈಗ ನನ್ನನ್ನೂ ಹಾಗೇ ನೋಡುತ್ತಾರೆ… ಊಟಕ್ಕೆ ಬಡಿಸಿ ಬೇಗ ಒಳಗೆ ಹೋದೆ.

೧೯ ಅಕ್ಟೋಬರ್, ಶನಿವಾರ
ಉದಗೀರದಿಂದ ನಾದಿನಿ ಪ್ರಣಿತಾ ಬಂದಳು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ತುಂಬ ಹೊತ್ತು ನೋಡಿ, ಅತ್ತಿಗೆಯಾದ ನನ್ನನ್ನು ಕರೆದಳು.

"ವೈನಿ, ನೀ ಟೈಪ್ ಮಾಡಿದ್ದೆಲ್ಲ ಗುರುನಾಥನ ಸರ್ವರಿಗೆ ಹೋಗ್ತದ. ಅಂವಾ ಕುಂತಲ್ಲೇ ನೋಡ್ತಾನ."

ಗುರುನಾಥ — ಈ ಸಾಫ್ಟ್‌ವೇರ್ ಮಾಡಿ ಮಾರಿದವನು. ಕಲ್ಯಾಣಪ್ಪನಿಗೂ ಅವನೇ ಮಾರಿದ್ದು. ದರ ಸೋರಿದ್ದು ಅಲ್ಲಿಂದಲೇ.

ಅವನಿಗೆ ಫೋನ್ ಮಾಡಿ, ನಮ್ಮ ಹಿಸಾಬ, ಲೆಕ್ಕಪತ್ರವೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಇರಲಿ ಅಂದೆ. ನಕ್ಕ. "ವೈನಿ, ನಾ ಬಂದ್ ಮಾಡಿದ್ರ ನಿಮ್ಮ ಅಂಗಡಿ ಬಂದ್. ಸುಮ್ನ ಧಂದಾ ಮಾಡ್ರಿ."

ಪ್ರಣಿತಾ ಅಂದಳು: "ಓಪನ್ ಸೋರ್ಸ್ ಹಾಕೋಣ. ಅದರ ಕೋಡ್ ಯಾರ ಬೇಕಾದ್ರೂ ಓದಬಹುದು. ವರ್ಷಾ ವರ್ಷಾ ಲೈಸೆನ್ಸ್ ಫೀ ಇಲ್ಲ. ಕೆಟ್ರ ಗುರುನಾಥನೇ ಬರಬೇಕಂತ ಇಲ್ಲ, ಬಲ್ಲವ್ರು ಯಾರರ ರಿಪೇರಿ ಮಾಡ್ತಾರ."
"ಎಲ್ಲಾರಿಗೂ ಕಾಣೋದು ಹ್ಯಾಂಗ ಭದ್ರ ಆಗ್ತದ?" ಮಾವ ಕೇಳಿದರು.
"ಕಾಣೋದು ಕೀಲಿ ಮಾಡೋ ವಿದ್ಯಾ ಅಪ್ಪಾ, ನಮ್ಮ ತಿಜೋರಿ ಅಲ್ಲ."

೨೦ ಅಕ್ಟೋಬರ್, ಭಾನುವಾರ
ಬಾಗಿಲು ಹಾಕಿಕೊಂಡು ಕುಳಿತೆವು. ಪ್ರಣಿತಾ ನಮ್ಮ ಹಿಸಾಬವನ್ನು ಅವನ ಸರ್ವರಿನಿಂದ ಇಳಿಸುತ್ತಿದ್ದಳು. ಅರ್ಧವೂ ಆಗಿರಲಿಲ್ಲ, ಗುರುನಾಥನ ಫೋನ್.

"ವೈನಿ, ಇವತ್ತ ಸೂಟಿ ಅಲ್ಲೇನು? ಕಂಪ್ಯೂಟರ್ ಯಾಕ ಚಾಲೂ ಅದ?"

ನಾನು ಮಾವನತ್ತ ನೋಡಿದೆ. ಮಾವ ಫೋನ್ ಕಸಿದುಕೊಂಡರು. "ಛಲೋ ಆತು ಫೋನ್ ಮಾಡಿದ್ದು ಗುರುನಾಥ. ನನ್ನ ಮಣಕಾಲ ಹಿಡದಾವಪ್ಪ. ಉಮರ್ಗಾದ ಡಾಕ್ಟರ್ ಏನಂದ ಗೊತ್ತದೇನು…" ಎಣ್ಣೆ, ಪಥ್ಯ, ಬೀಗರ ಮಣಕಾಲು — ಬಿಡಲೇ ಇಲ್ಲ. ಕೊನೆಗೆ ಅವನೇ ಕಟ್ ಮಾಡಿದ. ಮರುಗಳಿಗೆ ಪರದೆ ಕೆಂಪಾಯಿತು: ಲೈಸೆನ್ಸ್ ರದ್ದು.

"ಅಷ್ಟರಾಗ ಹಿಸಾಬ ಎಲ್ಲಾ ಇಳದು ಬಂದದ," ಅಂದಳು ಪ್ರಣಿತಾ.
ಮಾವ ಕಟ್ ಆದ ಫೋನನ್ನು ಇನ್ನೂ ಕಿವಿಗೇ ಹಿಡಿದಿದ್ದರು.

೨೨ ಅಕ್ಟೋಬರ್
ಹೊಸ ಸಾಫ್ಟ್‌ವೇರಿನಲ್ಲಿ ಎರಡನೇ ದಿನ. ಬೆಳಿಗ್ಗೆ ಎದುರಿನ ಬೋರ್ಡ್ ಖಾಲಿ. ಮಧ್ಯಾಹ್ನ ಕಲ್ಯಾಣಪ್ಪ ದರ ಬರೆದರು — ನಮಗಿಂತ ಕಡಿಮೆ. ಟೆಂಪೋ ಇತ್ತ ಬಂತು. ಸಂತೋಷಪಡಲೂ ಹೆದರಿಕೆ. ಗುರುನಾಥ ಸುಮ್ಮನಿರುತ್ತಾನೆಯೇ?
ಮಾವ ಬಸ್ ಹತ್ತಿ ಕಾಸಾರಶಿರಸಿಗೆ ಹೋದರು. ಸಂಜೆ ಪಂಡಿತ ಕಾಕಾನ ಜೊತೆ ಬಂದರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

೨೮ ಅಕ್ಟೋಬರ್, ಅಂಗಡಿಯಲ್ಲೇ
ಕಲ್ಯಾಣಪ್ಪ ಹಿಂದಿನ ಬಾಗಿಲಿನಿಂದ ಬಂದರು. ಬೆವರುತ್ತ ಮಾವನ ಮುಂದೆ ನಿಂತರು.
"ಬಸವಣ್ಣೆಪ್ಪಣ್ಣಾ, ನಿಮ್ಮ ದರ ಗುರುನಾಥನೇ ಹೇಳ್ತಿದ್ದ. ನಾ ತಗೊಂಡೆ. ಈಗ ನನ್ನ ದರ ಶಿರೂರದ ವ್ಯಾಪಾರಸ್ಥರಿಗೆ ಮಾರ್ಯಾನ. ನಿನ್ನ ಸಾಫ್ಟ್‌ವೇರ್ ಬಿಡ್ತೀನಿ ಅಂದ್ರ ಹಿಸಾಬ ಎಲ್ಲಾ ಅಳಿಸ್ತೀನಿ ಅಂತಾನ. ನಿಮ್ಮ ಸಾಫ್ಟ್‌ವೇರ್ ನನಗೂ ಕೊಡಸ್ತೀರೇನು?"

ಮಾವ ಪಂಡಿತ ಕಾಕಾನನ್ನು ನೋಡಿದರು. "ನೀ ಹೇಳು."
"ಕೊಡ್ರಿ," ಅಂದರು ಕಾಕಾ. "ಕೊಟ್ರ ನಮ್ಮ ಹತ್ರ ಇದ್ದದ್ದೇನು ಕಡಿಮಿ ಆಗಲ್ಲ."

ಪ್ರಣಿತಾ ಉದಗೀರದಿಂದ ಬಸ್ಸಿನಲ್ಲಿದ್ದಾಳೆ. ಕಾಯುತ್ತಿದ್ದೇವೆ. ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ. ಹೊರಗೆ ಗಾಡಿ ನಿಂತಿತು. ಗುರುನಾಥ. ಕಲ್ಯಾಣಪ್ಪ ಏಳಲು ಹೋದರು. ಮಾವ ಅವರ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. "ನೋಡಲಿ. ಇಬ್ರನ್ನೂ ಕೂಡೇ ನೋಡಲಿ."

ಮೆಟ್ಟಿಲ ಮೇಲೆ ಬೂಟಿನ ಸದ್ದು. ಪೆನ್ನು ಇಟ್ಟು ನಾನೂ ಎದ್ದು ಮಾವನ ಪಕ್ಕ ನಿಲ್ಲುತ್ತೇನೆ.