ಕಿಟಕಿಯಿಂದ ದಾಟಿಸಿದ ಮಗು

ಅಕ್‌ಜಲ್ಗಾ
ಮಾರ್ಚ್ ೯, ಸೋಮವಾರ

ಪ್ರೀತಿಯ ತಮ್ಮ ತೆಜೆಕ್‌ಬಾಯ್‌ಗೆ,

ಮಂಡಿನೋವು ಹೇಗಿದೆ? ಮಸೀದಿಯ ತಣ್ಣನೆಯ ನೆಲದ ಮೇಲೆ ಕೂರುವಾಗ ಕುರಿಚರ್ಮ ಹಾಸಿಕೊಳ್ಳುತ್ತೀಯೋ, ಪಟ್ಟಣದವರು ನಗುತ್ತಾರೆಂದು ಅದನ್ನೂ ಬಿಟ್ಟೆಯೋ? ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಮಾಮ್ ಅಬ್ದುರಹೀಮ್ ಎಂದು ಬರೆಯದೆ ಹಳೆಯ ಹೆಸರು ಬರೆದೆನೆಂದು ಮುಖ ಗಂಟುಹಾಕಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಾನು ಎರಡು ಮಾತು ಮುಗಿಸುವುದರೊಳಗೆ ನೀನು ಕುರಾನಿನ ಸಾಲು ಶುರುಮಾಡುತ್ತೀಯ. ಕಾಗದವಾದರೆ ನೀನು ಅಡ್ಡಬಾಯಿ ಹಾಕಲಾರೆ. ಅದಕ್ಕೇ ಇದನ್ನು ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಸೊಸೆ ಬೆಗಿಮಾಯ್ ಹೆತ್ತಳು. ಗಂಡು. ಹನ್ನೊಂದು ದಿನವಾಯಿತು. ನಾಲ್ಕು ವರ್ಷದ ಐದಾಯ್ ಹೋದಳು, ಅವಳ ಹಿಂದೆಯೇ ಏಳು ತಿಂಗಳ ಕೂಸು ಹೋಯಿತು, ಇದು ಮೂರನೆಯದು. ಹುಟ್ಟಿದ ದಿನವೇ ಮಗುವನ್ನು ಕಿಟಕಿಯಿಂದ ಆಚೆ ದಾಟಿಸಿದೆವು. ಪಕ್ಕದ ಮನೆಯ ಜೂರಾ ಅಜ್ಜಿ ಹೊರಗೆ ನಿಂತು ಕೈಯೊಡ್ಡಿ ತೆಗೆದುಕೊಂಡಳು. ನಾವು ಒಂದು ಬಟ್ಟಲು ತವುಡು ಕೊಟ್ಟು, ಅವಳ ಮಗುವೆಂಬಂತೆ ಬಾಗಿಲಿನಿಂದ ಒಳಗೆ ತಂದುಕೊಂಡೆವು. ಇದು ಅಜ್ಞಾನ ಎಂದು ನೀನು ಹೇಳುವುದು ಗೊತ್ತು. ನಾನೂ ಸೊಸೆಗೆ ಅದನ್ನೇ ಹೇಳಿದೆ. ಅವಳು ಅಂದಳು: "ಸುಳ್ಳಾದ್ರೂ ಮಾಡಿಬಿಡೋಣ ಅತ್ತೆ. ನಿಜ ಹೇಳೋವ್ರನ್ನ ನಂಬಿ ಎರಡು ಮಣ್ಣಿಗೆ ಕೊಟ್ಟಿದ್ದೀನಿ."

ತಮ್ಮಾ, ನಿನ್ನನ್ನೂ ಹೀಗೆಯೇ ಕಿಟಕಿಯಿಂದ ದಾಟಿಸಿದ್ದು. ನನಗಾಗ ಒಂಬತ್ತು ವರ್ಷ, ತವುಡಿನ ಬಟ್ಟಲು ಹಿಡಿದವಳು ನಾನೇ. ನಿನಗಿಂತ ಮುಂಚೆ ಮೂರು ಹೋಗಿದ್ದವು, ಮೂರಕ್ಕೂ ಚೆಂದದ ಹೆಸರಿತ್ತು. ಅದಕ್ಕೆ ಅಮ್ಮ ನಿನ್ನನ್ನು ತೆಜೆಕ್, ಬೆರಣಿ, ಎಂದು ಕರೆದಳು. ಮೇಲಿನವನು ಮೂಗು ಮುಚ್ಚಿಕೊಂಡು ದಾಟಿ ಹೋಗಲಿ ಎಂದು. ಅಮ್ಮ ಐದು ಹೊತ್ತು ನಮಾಜು ತಪ್ಪಿಸಿದವಳಲ್ಲ. ಬಾಯಲ್ಲಿ ಕರುಣಾಮಯ ಎನ್ನುತ್ತಿದ್ದಳು, ಕೈಯಲ್ಲಿ ಮಗುವನ್ನು ಅವನಿಂದ ಬಚ್ಚಿಡುತ್ತಿದ್ದಳು. ಪ್ರೀತಿಸುವವನಿಂದ ಯಾರಾದರೂ ಮಕ್ಕಳನ್ನು ಬಚ್ಚಿಡುತ್ತಾರೆಯೇ? ತೋಳದಿಂದ ಬಚ್ಚಿಡುತ್ತಾರೆ. ನಿನ್ನ ಕಿತಾಬುಗಳೆಲ್ಲ ಅಮ್ಮನ ಬಾಯಿಯ ಕಡೆಗಿವೆ. ನಾನು ಅವಳ ಕೈಗಳನ್ನು ನೋಡಿದವಳು. ನೀನು ದೊಡ್ಡವನಾಗಿ ಅಬ್ದುರಹೀಮ್, ಕರುಣಾಮಯನ ದಾಸ, ಎಂದು ಹೆಸರು ಬದಲಿಸಿಕೊಂಡೆ. ಆಗಲಿ. ಬೆರಣಿಯಾದರೆ ಚಳಿಗಾಲದಲ್ಲಿ ಒಲೆ ಉರಿಸುತ್ತದೆ. ನಿನ್ನ ಹೊಸ ಹೆಸರಿನಿಂದ ಈ ಊರಿನಲ್ಲಿ ಒಂದು ಲೋಟ ಚಹಾ ಬಿಸಿಯಾಗಿಲ್ಲ.

ಐದಾಯ್‌ಳನ್ನು ಮಣ್ಣು ಮಾಡಿದ ದಿನ ನೀನು ಬಂದಿದ್ದೆ. ಸತ್ತವರ ಹೆಸರಲ್ಲಿ ಬೊರ್ಸೊಕ್ ಹಿಟ್ಟಿನ ತುಂಡು ಕರಿದ ಎಣ್ಣೆಯ ವಾಸನೆ ಮನೆ ತುಂಬ ಇತ್ತು. ನೀನು ಗೋಡೆಗೊರಗಿ ಕುಳಿತು ಅಂದೆ: "ದೇವರು ಯಾರನ್ನ ಪ್ರೀತಿಸ್ತಾನೋ ಅವರನ್ನೇ ಪರೀಕ್ಷೆ ಮಾಡೋದು, ಅಕ್ಕಾ." ಎಲ್ಲರೂ ತಲೆ ತಗ್ಗಿಸಿದರು. ಜೂರಾ ಅಜ್ಜಿ ಒಬ್ಬಳೇ ಚಹಾ ಸುರಿಯುತ್ತಾ ಕೇಳಿದಳು: "ಹಂಗಾದ್ರೆ ಗಣಿ ಮ್ಯಾನೇಜರ್ ಮಕ್ಳನ್ನ ಕಂಡ್ರೆ ದೇವ್ರಿಗೆ ಯಾಕಪ್ಪಾ ಅಷ್ಟು ದ್ವೇಷ? ಒಂದಕ್ಕೂ ಒಂದು ಪರೀಕ್ಷೆ ಇಲ್ವಲ್ಲ." ನೀನು ಬೊರ್ಸೊಕ್ ಬಾಯಿಗೆ ಹಾಕಿಕೊಂಡೆ. ಉತ್ತರ ಬಂದದ್ದು ಎರಡನೆಯ ಸಾವಿಗೆ. ಕೆಟ್ಟದ್ದು ಮಾಡುವವನು ಮನುಷ್ಯ, ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ ಎಂದೆ. ಮ್ಯಾನೇಜರಿಗೆ ಸ್ವಾತಂತ್ರ್ಯ ಕೊಡಲು ಪುರುಸೊತ್ತಿದ್ದವನಿಗೆ ಏಳು ತಿಂಗಳ ಕೂಸಿಗೆ ಒಂದು ಲೋಟ ಒಳ್ಳೆಯ ನೀರು ಕೊಡಲು ಪುರುಸೊತ್ತಿರಲಿಲ್ಲವೇ? ಊರ ಕುರಿ ಕಾಯುವವನು ತೋಳ ಬಂದಾಗ ಬಂಡೆಯ ಮೇಲೆ ಕುಳಿತು ಇದು ಕುರಿಗಳಿಗೆ ಪರೀಕ್ಷೆ ಎಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಕೋಲು ಕಿತ್ತುಕೊಂಡು ಊರು ಬಿಡಿಸುತ್ತಿದ್ದೆವು. ಮಸೀದಿ ಕಟ್ಟಿಸುತ್ತಿರಲಿಲ್ಲ.

ಈಗ ಮಸೀದಿಯ ಮಾತು. ಊರಿನ ಮೇಲಿರುವ ಗಣಿಯ ಕೊಳೆಹೊಂಡ ನಿನಗೆ ನೆನಪಿದೆ. ಹಿಮ ಕರಗಿದಾಗಲೆಲ್ಲ ಅದು ತುಂಬಿ ನಮ್ಮ ಕಾಲುವೆಗೆ ಇಳಿಯುತ್ತದೆ, ನೀರಿಗೆ ತುಕ್ಕಿನ ರುಚಿ ಬರುತ್ತದೆ, ಮಕ್ಕಳ ಹೊಟ್ಟೆ ಊದಿಕೊಳ್ಳುತ್ತದೆ. ನಮ್ಮ ಎರಡೂ ಹೋದದ್ದು ಹಾಗೆಯೇ. ಹೊಂಡಕ್ಕೆ ಒಡ್ಡು ಹಾಕಿ ಎಂದು ಹೆಂಗಸರೆಲ್ಲ ಸೇರಿ ಗಣಿಯವರಿಗೆ ಮೂರು ಅರ್ಜಿ ಕೊಟ್ಟೆವು. ಅವರು ಒಡ್ಡು ಹಾಕಲಿಲ್ಲ, ಹಸಿರು ತಗಡಿನ ಮಸೀದಿ ಕಟ್ಟಿಕೊಟ್ಟರು. ಅದರ ಅಂಗಳದಲ್ಲಿ ಆಳದ ಕೊಳವೆಬಾವಿ ತೋಡಿ ನಲ್ಲಿ ಹಾಕಿಸಿದ್ದಾರೆ. ನಮಾಜಿಗೆ ಮುಂಚೆ ಕೈಕಾಲು ತೊಳೆಯಲು. ನೀರು ಕನ್ನಡಿಯ ಹಾಗಿದೆಯಂತೆ. ನಲ್ಲಿಗೆ ಬೀಗ. ಬೆಗಿಮಾಯ್ ಮೊನ್ನೆ ಹಸಿ ಮೈಯಲ್ಲೇ ಬಿಂದಿಗೆ ಹಿಡಿದು ಹೋದರೆ ಕಾವಲುಗಾರ ಅಂದನಂತೆ: "ಇದು ದೇವರ ನೀರು ಕಣಮ್ಮಾ, ಕುಡಿಯೋಕಲ್ಲ." ನಿನ್ನ ದೇವರಿಗೆ ತೊಳೆದ ಪಾದಗಳು ಬೇಕು, ತಮ್ಮಾ. ಬದುಕಿರುವ ಮಕ್ಕಳು ಬೇಕಾಗಿಲ್ಲ.

ಅಮ್ಮ ಒಂದೇ ಒಂದು ತಪ್ಪು ಮಾಡಿದಳು. ಅದೇ ತಪ್ಪನ್ನು ಹನ್ನೊಂದು ದಿನದ ಹಿಂದೆ ನಾನೂ ಮಾಡಿದೆ. ಮಕ್ಕಳನ್ನು ಆಕಾಶದಿಂದ ಬಚ್ಚಿಟ್ಟೆವು. ಕೊಲ್ಲುವವನು ಗುಡ್ಡದ ಮೇಲಿನ ಕಚೇರಿಯಲ್ಲಿ ಕುಳಿತಿದ್ದ. ಅವನಿಗೆ ಬೆರಣಿಯೂ ಒಂದೇ, ಚೆಂದದ ಹೆಸರೂ ಒಂದೇ.

ಶುಕ್ರವಾರ ನೀನು ಬಂದು ಮಸೀದಿ ತೆರೆಯುತ್ತೀಯೆಂದು ಬೋರ್ಡು ಹಾಕಿದ್ದಾರೆ. ಪ್ರವಚನದ ವಿಷಯವನ್ನೂ ಅವರೇ ಬರೆದಿದ್ದಾರೆ: ಕಷ್ಟದಲ್ಲಿ ದೇವರ ಕರುಣೆ. ಈ ಊರಿನ ಮಗನ ಬಾಯಲ್ಲೇ ಹೇಳಿಸಿದರೆ ಹೆಂಗಸರು ತೆಪ್ಪಗಾಗುತ್ತಾರೆ ಎಂಬ ಲೆಕ್ಕಾಚಾರ. ನಾವೂ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೇವೆ. ಅಂದು ಐವತ್ತು ಮನೆಯ ಹೆಂಗಸರು ಬಿಂದಿಗೆ ಹಿಡಿದು ಆ ನಲ್ಲಿಯ ಮುಂದೆ ಕೂರುತ್ತೇವೆ. ಬೀಗ ತೆಗೆಯುವ ತನಕ ಏಳುವುದಿಲ್ಲ. ಆಗ ಮ್ಯಾನೇಜರು ನಿನ್ನ ಕಿವಿಯಲ್ಲಿ, ಇವರಿಗೆ ಬುದ್ಧಿ ಹೇಳಿ ಇಮಾಮರೇ, ಎನ್ನುತ್ತಾನೆ. ಆಗ ನೀನು ಏನು ಹೇಳುತ್ತೀಯೋ ಅದೇ ನಿನ್ನ ಪ್ರವಚನ. ಉಳಿದದ್ದನ್ನು ತಗಡಿಗೆ ಹೇಳಿಕೋ.

ನಿನ್ನ ಮಕ್ಕಳು ಒಳ್ಳೆಯ ನೀರು ಕುಡಿದು ನೂರು ವರ್ಷ ಬಾಳಲಿ. ಇದನ್ನು ಮನಸಾರೆ ಹೇಳುತ್ತಿದ್ದೇನೆ. ಮಂಡಿಗೆ ಕುರಿಕೊಬ್ಬು ಹಚ್ಚಿ ಉಣ್ಣೆಯ ಬಟ್ಟೆ ಸುತ್ತಿಕೋ.

ನಿನ್ನ ಅಕ್ಕ,
ಉಲ್ಕಾನ್

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಕಿವಿಯಲ್ಲಿ ಅಜಾನ್ ಕೂಗಿ ಹೆಸರು ಹೇಳಬೇಕಾದವನು ಮನೆಯ ಗಂಡುದಿಕ್ಕು. ನನ್ನ ಮಗ ಪರದೇಶದಲ್ಲಿ ಕೂಲಿಗಿದ್ದಾನೆ, ಉಳಿದವನು ನೀನೇ. ಶುಕ್ರವಾರ ಕೂಸು ನನ್ನ ಮಡಿಲಲ್ಲೇ ಇರುತ್ತದೆ, ನಲ್ಲಿಯ ಹತ್ತಿರ. ಮೊದಲು ಬೀಗ ತೆಗೆಸು. ಬೆಗಿಮಾಯ್ ಒಂದು ಲೋಟ ಕುಡಿಯಲಿ. ಆಮೇಲೆ ಕೂಗು. ಹೆಸರು ತೆಜೆಕ್‌ಬಾಯ್. ನೀನು ಬಿಸಾಕಿ ಹೋದದ್ದು, ನಾನು ಎತ್ತಿಟ್ಟುಕೊಂಡಿದ್ದೆ. ಮೂರು ಸಲ ಹೇಳಬೇಕು, ಮ್ಯಾನೇಜರ್ ಸಮೇತ ಮುಂದಿನ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವ ಹಾಗೆ. ನಾಲಿಗೆ ಏಳದಿದ್ದರೆ ಬರಬೇಡ.